ಪಾಳು ಬಿದ್ದದ್ದೋ, ಬಿಟ್ಟದ್ದೋ?

ನಮ್ಮ ಕಡೆ ಬಿತ್ತದೆ ಹಾಗೇ ಉಳಿದ ಹೊಲ ಕಂಡರೆ ಜನ "ಹೊಲಾ ಪಾಳ ಬಿಟ್ಟಾರ" ಅಂತಾರೆ. ಬಿಟ್ಟಾರ ಅಂದಮೇಲೆ ಬಿಟ್ಟವನೊಬ್ಬ ಇರಲೇಬೇಕಲ್ಲ, ಹಾಗಾಗಿ ಮುಂದಿನ ಮಾತು "ಯಾರ? ಯಾಕ?" ಅಂತಲೇ ಬರ್ತದೆ. ಮಗ ಪುಣೆಗೆ ಹೋದನೋ, ಅಣ್ಣತಮ್ಮಂದಿರ ಕೇಸು ಕೋರ್ಟಿನಲ್ಲಿದೆಯೋ, ನೀರು ಹೆಚ್ಚಾಗಿ ಮಣ್ಣು ಸವಳು ಹತ್ತಿತೋ, ಕಾರಣ ಗೊತ್ತಾಗೋ ತನಕ ಊರಿಗೆ ಸಮಾಧಾನ ಇರಲ್ಲ. ಅದೇ ಜನ ಬಾಗಿಲು ಮುಚ್ಚಿದ ಹಳೇ ಟಾಕೀಜು ತೋರಿಸಿ "ಪಾಳ ಬಿದ್ದೈತಿ" ಅಂತಾರೆ. ಮಳೆ ಬಿದ್ದ ಹಾಗೆ, ಎಲೆ ಬಿದ್ದ ಹಾಗೆ, ತಾನಾಗೇ ಬಿದ್ದಂತೆ. ಯಾರು, ಯಾಕೆ ಅಂತ ಯಾರೂ ಕೇಳಲ್ಲ.

ಹೊಲಕ್ಕೆ ಇರೋ ಆ ಪ್ರಶ್ನೆ ಟಾಕೀಜಿಗೆ ಯಾಕಿಲ್ಲ ಅನ್ನೋದು ನನ್ನನ್ನ ಬಹಳ ದಿನದಿಂದ ಕಾಡ್ತಿದೆ.

ಮುಚ್ಚಿದ ಥಿಯೇಟರ್‌ಗಳ ಒಳಗೆ ಹೋಗಿ ಬರೋದು ಈಗ ಒಂದು ಹವ್ಯಾಸ ಆಗಿದೆ. ಶನಿವಾರ ಟ್ರೆಕ್ಕಿಂಗ್ ಹೋಗೋ ಹಾಗೇ ಇದೂ ಒಂದು. ಕ್ಯಾಮೆರಾ, ಟಾರ್ಚು, ಗೋಡೆ ಹತ್ತಲು ಕೈ ಕೊಡೋಕೆ ಒಬ್ಬ ಗೆಳೆಯ ಇದ್ದರೆ ಸಾಕು. ಹರಿದ ಪರದೆ, ಸ್ಪ್ರಿಂಗ್ ಹೊರಬಂದ ಕುರ್ಚಿ, ಟಿಕೆಟ್ ಕಿಟಕಿಯ ಮೇಲೆ ಅರ್ಧ ಅಳಿಸಿದ "ಬಾಲ್ಕನಿ" ಅನ್ನೋ ಅಕ್ಷರ, ಹಿಂದೆ ಒಂದು ಕೊಳಲು. ನೋಡಿದವರ ಮನಸ್ಸು ಒಂದು ನಿಮಿಷ ಭಾರ ಆಗ್ತದೆ, ಆಮೇಲೆ ಹೆಬ್ಬೆರಳು ಮುಂದಿನ ವಿಡಿಯೋಗೆ ಸರೀತದೆ. ಇದೊಂದು ದೊಡ್ಡ ಅಪರಾಧ ಅಂತ ನಾನು ಹೇಳಲ್ಲ. ನನ್ನ ಪ್ರಶ್ನೆ ಇಷ್ಟೇ: ಮುಚ್ಚಿಹೋದ ಒಂದು ಜಾಗದ ಋಣ ನಮ್ಮ ಮೇಲೆ ಏನಾದ್ರೂ ಇದೆಯಾ? ಇದ್ರೆ ಅದು ಯಾರಿಗೆ ಸಲ್ಲಬೇಕು? ಗೋಡೆಗಾ, ಮಾಲೀಕನಿಗಾ, ಅಲ್ಲಿ ದುಡಿದವರಿಗಾ, ಇಲ್ಲಾ ನಮ್ಮದೇ ಬಾಲ್ಯದ ನೆನಪಿಗಾ?

ಶಿರಗುಪ್ಪಿ, ಕಾಗವಾಡ ಸೀಮೆಯವರಿಗೆ ಸಿನಿಮಾ ಎರಡು ದಿಕ್ಕಿನಿಂದ ಬರ್ತಿತ್ತು. ಇತ್ತ ಅಥಣಿ, ಚಿಕ್ಕೋಡಿ ಕಡೆಯಿಂದ ರಾಜಕುಮಾರ್, ಅತ್ತ ಮಿರಜ, ಸಾಂಗಲಿ ಕಡೆಯಿಂದ ದಾದಾ ಕೋಂಡ್ಕೆ ಮತ್ತು ಅಮಿತಾಭ್. ಇನ್ನೂ ಎರಡು ತಾಸು ಪ್ರಯಾಣ ಮಾಡಿದ್ರೆ ಕೊಲ್ಲಾಪುರ. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ' ಚಿತ್ರೀಕರಣ ಆಗಿದ್ದು ಬೆಂಗಳೂರಲ್ಲಿ ಅಲ್ಲ, ಮೈಸೂರಲ್ಲೂ ಅಲ್ಲ, ಇದೇ ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ನಿರ್ದೇಶಕ ವೈ.ವಿ. ರಾವ್. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್ ನಟಿಸಿದ್ದರು. 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಟಾಕೀಜಿನಲ್ಲಿ ತೆರೆ ಕಂಡಿತು.

ಇವತ್ತು ಆ ಸಿನಿಮಾದ ಒಂದೇ ಒಂದು ಪ್ರಿಂಟ್ ಉಳಿದಿಲ್ಲ. ಪ್ಯಾರಾಮೌಂಟ್ ಟಾಕೀಜೂ ಇಲ್ಲ. ಕನ್ನಡ ಪರದೆಯ ಮೇಲೆ ಮೊದಲು ಕೇಳಿಸಿದ ದನಿ ಹೇಗಿತ್ತು ಅಂತ ಇನ್ನು ಯಾರೂ ಕೇಳಲಾರರು. ಆಗಿನ ಫಿಲ್ಮ್ ನೈಟ್ರೇಟಿನದು. ಬೇಗ ಬೆಂಕಿ ಹತ್ತುವ, ಬೇಗ ಹಾಳಾಗುವ ವಸ್ತು. ಅದರ ಲೇಪದಲ್ಲಿ ಬೆಳ್ಳಿ ಬೇರೆ ಇರ್ತದೆ. ಓಟ ಮುಗಿಸಿದ ಎಷ್ಟೋ ಹಳೇ ಸಿನಿಮಾಗಳನ್ನ ಆ ಬೆಳ್ಳಿ ತೆಗೆಯೋಕೆ ಅಂತಲೇ ಮಾರಿಬಿಟ್ಟಿದ್ದಾರೆ.

ಈಗ ಅದೇ ಕೊಲ್ಲಾಪುರದ ಇನ್ನೊಂದು ಕಥೆ ನೋಡಿ. 1929ರಲ್ಲಿ ಅಲ್ಲಿ ಶುರುವಾದ ಪ್ರಭಾತ್ ಫಿಲ್ಮ್ ಕಂಪನಿ 1933ರಲ್ಲಿ ಪುಣೆಗೆ ಹೋಯ್ತು. ಮುಂದೆ ಅದೂ ಮುಚ್ಚಿತು. ಆದರೆ ಅದರ ಪುಣೆಯ ಸ್ಟುಡಿಯೋ ಜಾಗದಲ್ಲಿ 1960ರಲ್ಲಿ ಸರ್ಕಾರದ ಫಿಲ್ಮ್ ಇನ್‌ಸ್ಟಿಟ್ಯೂಟ್ ಆರಂಭವಾಯ್ತು. 1964ರಲ್ಲಿ ಅದೇ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಬಂತು. ಪ್ರಭಾತ್‌ನ 1936ರ 'ಸಂತ ತುಕಾರಾಮ್' ಅನ್ನ ಇವತ್ತೂ ಕೂತು ನೋಡಬಹುದು. ಎರಡೂ ಮುಗಿದುಹೋದ ಕಥೆಗಳೇ. ಒಂದರ ಲೆಕ್ಕವನ್ನ ಯಾರೋ ಇನ್ನೊಬ್ಬರ ಕೈಗೆ ಒಪ್ಪಿಸಿದರು, ಇನ್ನೊಂದರದ್ದು ಯಾರೂ ಒಪ್ಪಿಸಲಿಲ್ಲ. ಮುಗಿಯೋದು ತಪ್ಪಲ್ಲ. ಮುಗಿಸೋದಕ್ಕೆ ಒಂದು ರೀತಿ ಇರ್ತದೆ, ನಾನು ಮಾತಾಡ್ತಿರೋದು ಆ ರೀತಿಯ ಬಗ್ಗೆ.

ನಮ್ಮ ಕಡೆಯದೇ ಒಂದು ಮುಚ್ಚಿದ ಟಾಕೀಜನ್ನ ಒಮ್ಮೆ ಒಳಗೆ ಹೋಗಿ ನೋಡಿದ್ದೇನೆ. ಊರಿನ ಹೆಸರು ಬರೆಯಲ್ಲ. ಆ ಮನೆತನದ ಪಾಲುಪಟ್ಟಿ ಇನ್ನೂ ಮುಗಿದಿಲ್ಲ, ಅವರ ಮಾತುಕತೆಯ ನಡುವೆ ನನ್ನ ಬರಹ ಹೋಗೋದು ಬೇಡ. ಕೀಲಿ ಕೇಳಿ ತಗೊಂಡು, ಹಿಂದೆ ಅಲ್ಲಿ ಆಪರೇಟರ್ ಆಗಿದ್ದ ಕಾಕಾನ ಜೊತೆ ಒಳಗೆ ಹೋದೆ. ಎಲ್ಲರ ಹಾಗೆ ನಾನೂ ಮೊದಲು ಪರದೆ ಕಡೆ ಹೋದೆ. ಕಾಕಾ ಅತ್ತ ತಿರುಗಿಯೂ ನೋಡದೆ ಸೀದಾ ಮೇಲಿನ ಕ್ಯಾಬಿನ್ ಮೆಟ್ಟಿಲು ಹತ್ತಿದ್ರು. ಅಲ್ಲಿ ಮಷೀನ್ ಇರಲಿಲ್ಲ. ಗುಜರಿಗೆ ಹೋಗಿದ್ದವು. ನೆಲದ ಮೇಲೆ ಎರಡು ಮಷೀನ್ ನಿಂತಿದ್ದ ಬೋಲ್ಟಿನ ಗುರುತು, ಗೋಡೆಯಲ್ಲಿ ಬೆಳಕು ಹೋಗೋಕೆ ಬಿಟ್ಟ ಚೌಕದ ಕಿಂಡಿಗಳು, ಮೂಲೆಯಲ್ಲಿ ಉರಿದು ಉಳಿದ ಕಾರ್ಬನ್ ಕಡ್ಡಿಯ ತುಂಡು.

"ತಮ್ಮಾ, ನಾ ಅಷ್ಟ ವರ್ಷ ಇಲ್ಲಿ ಇದ್ದೆ, ಪಿಚ್ಚರ್ ನೋಡಲೇ ಇಲ್ಲ. ಬಲಗಡಿ ಮ್ಯಾಲಿನ ಮೂಲಿ ಅಷ್ಟ ನೋಡೀನಿ" ಅಂದ್ರು.

ನನಗೆ ತಿಳೀಲಿಲ್ಲ. ಅವರೇ ಬಿಡಿಸಿ ಹೇಳಿದ್ರು. ಸಿನಿಮಾ ಫಿಲ್ಮ್ ಸೆಕೆಂಡಿಗೆ 24 ಚಿತ್ರದ ಹಾಗೆ ಓಡ್ತದೆ, ಅಂದ್ರೆ ನಿಮಿಷಕ್ಕೆ 90 ಅಡಿ. ಎರಡೂವರೆ ತಾಸಿನ ಸಿನಿಮಾಕ್ಕೆ ಹದಿಮೂರೂವರೆ ಸಾವಿರ ಅಡಿ ಫಿಲ್ಮ್ ಬೇಕು, ಹೆಚ್ಚುಕಡಿಮೆ 4 ಕಿಲೋಮೀಟರ್. ಅದು ಒಂದೇ ಸುರುಳಿಯಲ್ಲಿ ಬರಲ್ಲ. 2000 ಅಡಿಯ ದೊಡ್ಡ ರೀಲು ಹಾಕಿದ್ರೂ 22 ನಿಮಿಷಕ್ಕೆ ಖಾಲಿ. ಅಷ್ಟರಲ್ಲಿ ಪಕ್ಕದ ಮಷೀನಿನಲ್ಲಿ ಮುಂದಿನ ರೀಲು ಏರಿಸಿ ತಯಾರಿರಬೇಕು. ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಸಣ್ಣ ಚುಕ್ಕೆ ಮಿಂಚಿ ಮಾಯ ಆಗ್ತದೆ. ಆಗ ಎರಡನೇ ಮಷೀನಿನ ಮೋಟಾರು ಶುರು ಮಾಡಬೇಕು. ಸುಮಾರು 7 ಸೆಕೆಂಡಿಗೆ ಇನ್ನೊಂದು ಚುಕ್ಕೆ. ಆ ಕ್ಷಣಕ್ಕೆ ಈ ಬೆಳಕು ಮುಚ್ಚಿ ಆ ಬೆಳಕು ಬಿಡಬೇಕು. ಇದರ ನಡುವೆ ಉರಿದು ಸವೆಯುವ ಕಾರ್ಬನ್ ಕಡ್ಡಿಗಳ ಅಂತರ ಕಾಯ್ದುಕೊಂಡೇ ಇರಬೇಕು, ಇಲ್ಲದಿದ್ರೆ ಪರದೆ ಮಂಕಾಗ್ತದೆ. ನಾಯಕ ಸಾಯ್ತಿರಲಿ, ನಾಯಕಿ ಅಳ್ತಿರಲಿ, ಕಾಕಾನ ಕಣ್ಣು ಆ ಮೂಲೆಯ ಮೇಲೆಯೇ.

"ನಾ ಚಂದಂಗ ಕೆಲಸ ಮಾಡಿದ್ರ ಮ್ಯಾಲೆ ಒಬ್ಬ ಇದ್ದಾನ ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ. ತಪ್ಪಿದ್ರ ಅಷ್ಟ ಹೊಳ್ಳಿ ನೋಡಿ ಬೈತಿದ್ರು."

ರಾತ್ರಿ ಪಾಳಿಯಲ್ಲಿ ಸರ್ವರ್ ಕಾಯೋ ನನ್ನಂಥವರಿಗೆ ಈ ಮಾತಿನ ಅರ್ಥ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

"ಮುಚ್ಚಿದ ದಿನ ಏನಾಯ್ತು ಕಾಕಾ?" ಅಂತ ಕೇಳಿದೆ.

"ಏನ ಆಗ್ತೈತಿ? ನೈಟ್ ಶೋ ಬಿಟ್ಟಿತು. ನಾಳಿಂದ ಬರಬ್ಯಾಡ ಅಂದ್ರು."

ಅಷ್ಟೇ. ಈಗ ಕಬ್ಬಿನ ಸೀಜನ್ನಿನಲ್ಲಿ ಅವರು ಟ್ರ್ಯಾಕ್ಟರ್ ತೂಗುವ ಕಾಟಾದಲ್ಲಿ ಚೀಟಿ ಬರೀತಾರೆ.

ನಾನು ಆ ದಿನ ತೆಗೆದ ಫೋಟೋಗಳಲ್ಲಿ ಪರದೆ ಇದೆ, ಕುರ್ಚಿ ಇದೆ, ಪಾರಿವಾಳ ಇವೆ. ಕ್ಯಾಬಿನ್ನಿನಲ್ಲಿ ಮಾತ್ರ ಫೋಟೋ ತೆಗೆಯೋಕೆ ಏನೂ ಇರಲಿಲ್ಲ. ಕಾಕಾನ ವಿದ್ಯೆ ಯಾವ ಗೋಡೆಯ ಮೇಲೂ ಕಲೆ ಬಿಟ್ಟಿರಲಿಲ್ಲ.

ಅಮೆರಿಕದ ಡೆಟ್ರಾಯಿಟ್‌ನಲ್ಲಿ ಮಿಶಿಗನ್ ಥಿಯೇಟರ್ ಅಂತ ಒಂದಿದೆ. 1926ರಲ್ಲಿ ಕಟ್ಟಿದ್ದು, ಅರಮನೆಯಂಥ ಕಟ್ಟಡ. ಸಿನಿಮಾ ನಿಂತಮೇಲೆ 1970ರ ದಶಕದಲ್ಲಿ ಅದರೊಳಗೇ ಕಾರ್ ಪಾರ್ಕಿಂಗ್ ಮಾಡಿದರು. ಕುಸುರಿ ಕೆತ್ತನೆಯ ಛಾವಣಿ ಹಾಗೇ ಇದೆ, ಕೆಳಗೆ ಕಾರುಗಳ ಸಾಲು. ವಿಚಿತ್ರ ಅಂದ್ರೆ ಹೆನ್ರಿ ಫೋರ್ಡ್ ತನ್ನ ಮೊದಲ ಮೋಟಾರು ಗಾಡಿ ಕಟ್ಟಿದ್ದು ಇದೇ ಜಾಗದಲ್ಲಿ. ಜಗತ್ತಿನ ಫೋಟೋಗ್ರಾಫರ್‌ಗಳೆಲ್ಲ ಅಲ್ಲಿಗೆ ಹೋಗ್ತಾರೆ. ಇಂಥ ಫೋಟೋಗಳ ಬಗ್ಗೆ ಡೆಟ್ರಾಯಿಟ್‌ನವರ ತಕರಾರು ಒಂದಿತ್ತು: ನಿಮ್ಮ ಚಿತ್ರಗಳಲ್ಲಿ ನಮ್ಮ ಊರು ಸತ್ತುಹೋಗಿದೆ, ಆದರೆ ನಾವಿನ್ನೂ ಇಲ್ಲೇ ಇದ್ದೇವಲ್ಲ! 2010ರ ಜನಗಣತಿಯಲ್ಲೂ ಆ ಊರಲ್ಲಿ 7 ಲಕ್ಷಕ್ಕೂ ಹೆಚ್ಚು ಜನ ಇದ್ರು. ಚಂದ ಕಾಣಲಿ ಅಂತ ಮನುಷ್ಯರನ್ನ ಚೌಕಟ್ಟಿನಿಂದ ಹೊರಗಿಟ್ಟಾಗಲೇ "ಬಿಟ್ಟಾರ" ಅನ್ನೋದು "ಬಿದ್ದೈತಿ" ಆಗೋದು.

ಇನ್ನೊಂದು ಮಾತಿದೆ. ನಮ್ಮ ಬೆಳಗಾವಿ ಜಿಲ್ಲೆಯ ಶ್ರೀಕೃಷ್ಣ ಪಾರಿಜಾತ ನೋಡಿ. ಕುಲಗೋಡ ತಮ್ಮಣ್ಣನಿಂದ ಹೆಸರಾಗಿ, ಕೌಜಲಗಿ ನಿಂಗಮ್ಮನಂಥ ಕಲಾವಿದರ ಕೊರಳಲ್ಲಿ ಬೆಳೆದ ಆಟ. ರಾತ್ರಿಯಿಡೀ ನಡೀತಿತ್ತು. ಬಯಲು, ಒಂದು ಪೇಟಿ, ತಬಲಾ, ತಾಳ ಇದ್ದರೆ ಆಯ್ತು. ಬೆಳಗಾದ್ರೆ ಆ ಜಾಗ ಮತ್ತೆ ದನ ಕಟ್ಟೋ ಬಯಲು. ಹಾಗಾಗಿ ಪಾರಿಜಾತಕ್ಕೆ ಪಾಳುಬಿದ್ದ ಕಟ್ಟಡ ಅನ್ನೋದೇ ಇಲ್ಲ. ಒಂದು ಮೇಳ ನಿಂತುಹೋದ್ರೆ, ಹಾಡುವವಳೊಬ್ಬಳು ಮಣ್ಣಾದ್ರೆ, ಟಾರ್ಚು ಹಿಡಿದು ಹೋಗಿ ನೋಡೋಕೆ ಏನೂ ಉಳಿಯಲ್ಲ. ನಷ್ಟ ಮಾತ್ರ ಟಾಕೀಜಿಗಿಂತ ಸಣ್ಣದೇನಲ್ಲ. ಅಂದ್ರೆ ನಾವು ಮರುಗೋದು ಹೋದದ್ದಕ್ಕಲ್ಲ, ಹೋಗುವಾಗ ಚಂದದ ಅವಶೇಷ ಬಿಟ್ಟುಹೋದದ್ದಕ್ಕೆ. ಇಟ್ಟಿಗೆ ಕಣ್ಣಿಗೆ ಕಾಣ್ತದೆ ಅಂತ ಅದಕ್ಕೆ ನಮ್ಮ ಕಣ್ಣೀರು. ಕಾಕಾನ ಕೈಚಳಕ ಕಾಣಲ್ಲ, ಹಾಗಾಗಿ ಅದರ ಲೆಕ್ಕವೂ ಇಲ್ಲ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಬರ್ತದೆ. ಟಾಕೀಜು ಅನ್ನೋದು ವ್ಯಾಪಾರ. ಲಾಭ ಇದ್ದಾಗ ನಡೆಸಿದ್ರು, ಇಲ್ಲದಾಗ ಮುಚ್ಚಿದ್ರು. ಕಿರಾಣಿ ಅಂಗಡಿ ಮುಚ್ಚಿದ್ರೆ ಯಾರಾದ್ರೂ ಪ್ರಬಂಧ ಬರೀತಾರಾ? ಬೆಂಗಳೂರಿನ ಎಂ.ಜಿ. ರಸ್ತೆಯ ಪ್ಲಾಜಾ 1936ರದ್ದು, ಅದರ ಜಾಗ ಮೆಟ್ರೋಗೆ ಹೋಯ್ತು. ಇವತ್ತು ಆ ಮೆಟ್ರೋದಲ್ಲಿ ಓಡಾಡುವ ಲಕ್ಷಾಂತರ ಜನಕ್ಕೆ "ಬೇಡ ಬಿಡಿ, ನಮ್ಮ ನೆನಪು ಹಾಳಾಗ್ತದೆ" ಅಂತ ಹೇಳೋಕೆ ಆಗ್ತದಾ? 1968ರಲ್ಲಿ ತೆರೆದ ಕಪಾಲಿ, 1,400ಕ್ಕೂ ಹೆಚ್ಚು ಸೀಟಿನ ಥಿಯೇಟರ್, 2017ರಲ್ಲಿ ಮುಚ್ಚಿತು. ವಾರದ ದಿನ ಅಷ್ಟು ಸೀಟು ಯಾರು ತುಂಬಬೇಕಿತ್ತು? 2004ರಲ್ಲಿ ಕೋರಮಂಗಲದ ಫೋರಂ ಮಾಲಿನಲ್ಲಿ ಒಂದೇ ಸೂರಿನಡಿ 11 ಪರದೆ ಬಂದಮೇಲೆ ನಮ್ಮಂಥವರ ಶನಿವಾರ ಅತ್ತ ತಿರುಗಿತು. ಫ್ಯೂಜಿಯಂಥ ಕಂಪನಿಯೇ 2013ರಲ್ಲಿ ಸಿನಿಮಾ ಫಿಲ್ಮ್ ತಯಾರಿಸೋದು ನಿಲ್ಲಿಸಿತು. ಡಿಜಿಟಲ್ ಮಷೀನಿಗೆ ದುಡ್ಡು ಹಾಕೋಕೆ ಆಗದ ಸಣ್ಣ ಊರಿನ ಟಾಕೀಜು ಏನು ಮಾಡಬೇಕಿತ್ತು?

ಈ ಆಕ್ಷೇಪವನ್ನ ನಾನು ಪೂರ್ತಿ ಒಪ್ತೇನೆ. ನಮ್ಮ ನೆನಪಿನ ಬಾಡಿಗೆಯನ್ನ ಮಾಲೀಕ ಕಟ್ಟಬೇಕು ಅನ್ನೋದು ಅನ್ಯಾಯ. ವರ್ಷಕ್ಕೊಂದು ಸಲ ಊರಿಗೆ ಹೋದಾಗ ನೋಡಿ ಖುಷಿಪಡಲಿಕ್ಕೆ ಅವನು ಆಸ್ತಿ ತೆರಿಗೆ ಕಟ್ಟುತ್ತಾ ಕೂರಬೇಕಾ? ಕಟ್ಟಡ ಉಳಿಸಿ ಅನ್ನೋ ಹಕ್ಕು ಕೇಳುವವರು ಅದರ ಖರ್ಚಿನಲ್ಲೂ ಪಾಲು ಕೊಡಬೇಕು. ಅಷ್ಟರಮಟ್ಟಿಗೆ ಗೋಡೆಯ ಋಣ ನಮ್ಮ ಮೇಲಿಲ್ಲ.

ಆದರೆ ಟಾಕೀಜನ್ನ ಕಿರಾಣಿ ಅಂಗಡಿಗೆ ಹೋಲಿಸೋದೂ ಸರಿಯಲ್ಲ. ಶ್ರೀಲಂಕಾದ ತಮಿಳು ವಿದ್ವಾಂಸ ಕಾರ್ತಿಗೇಸು ಶಿವತಂಬಿ ತಮಿಳು ಸಿನಿಮಾ ಬಗ್ಗೆ ಒಂದು ಮಾತು ಹೇಳಿದ್ದರು: ಎಲ್ಲ ಜಾತಿಯ ತಮಿಳರು ಒಂದೇ ಸೂರಿನಡಿ ಕೂತು ಆಟ ನೋಡಿದ ಮೊದಲ ಜಾಗ ಸಿನಿಮಾ ಹಾಲು, ಅಲ್ಲಿ ಯಾರು ಎಲ್ಲಿ ಕೂರಬೇಕು ಅನ್ನೋದನ್ನ ಹುಟ್ಟು ನಿರ್ಧರಿಸಲಿಲ್ಲ, ಕೊಟ್ಟ ದುಡ್ಡು ನಿರ್ಧರಿಸಿತು ಅಂತ. ನಮ್ಮ ಊರುಗಳಿಗೂ ಈ ಮಾತು ಹೊಂದ್ತದೆ. ಗುಡಿಯಲ್ಲಿ, ಬಾವಿಯಲ್ಲಿ, ಚಾದ ಅಂಗಡಿಯಲ್ಲಿ ನೀನು ಯಾರವನು ಅಂತ ಕೇಳ್ತಿದ್ದ ಕಾಲದಲ್ಲಿ ಟಿಕೆಟ್ ಕಿಟಕಿ ಕೇಳಿದ್ದು ರೊಕ್ಕ ಒಂದನ್ನೇ.

ಹಾಗಂತ ಅದನ್ನ ಸ್ವರ್ಗ ಮಾಡೋದೂ ಬೇಡ. ಮುಂದೆ ನೆಲದ ಮೇಲೆ ಕೂತ ಗಾಂಧಿ ಕ್ಲಾಸಿಗೂ ಮೇಲೆ ಬಾಲ್ಕನಿಗೂ ನಡುವೆ ದೊಡ್ಡ ಮೆಟ್ಟಿಲೇ ಇತ್ತು. ಬ್ಲ್ಯಾಕ್ ಟಿಕೆಟ್ ಇತ್ತು. ಹೆಣ್ಮಕ್ಕಳು ಒಂಟಿಯಾಗಿ ಹೋಗೋ ಜಾಗ ಅದಾಗಿರಲಿಲ್ಲ, ನೈಟ್ ಶೋ ಅಂದ್ರೆ ಗಂಡಸರ ಜಾಗ. ಎಷ್ಟೋ ಹೆಣ್ಮಕ್ಕಳಿಗೆ ಮನೆಗೆ ಟಿವಿ ಬಂದಿದ್ದು ನಷ್ಟವಲ್ಲ, ಬಿಡುಗಡೆ. "ಆ ಕಾಲವೇ ಚಂದ ಇತ್ತು" ಅನ್ನುವಾಗ ಯಾರಿಗೆ ಚಂದ ಇತ್ತು ಅಂತಲೂ ಹೇಳಬೇಕು. ಹೊಗಳಿಕೆ ಮಾತ್ರ ಇರೋ ನೆನಪು ಲೆಕ್ಕ ತಪ್ಪಿದ ನೆನಪು.

ಹಾಗಾದ್ರೆ ಉಳಿಯೋ ಋಣ ಯಾವುದು? ನಮ್ಮ ಕಡೆ ಯಾರಾದ್ರೂ ತೀರಿಕೊಂಡ್ರೆ "ಮಣ್ಣಿಗೆ ಹೋಗಿ ಬಂದೆ" ಅಂತೀವಿ. ಹೋದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿ ಬರ್ತೀವಿ. ಅದರಿಂದ ಸತ್ತವರು ಎದ್ದು ಬರಲ್ಲ, ಅದು ಎಲ್ಲರಿಗೂ ಗೊತ್ತು. ಆದರೂ ಹೋಗ್ತೀವಿ. ಈ ಮನುಷ್ಯ ನಮ್ಮ ನಡುವೆ ಇದ್ದ, ಇವನ ಒಳ್ಳೇದು ಕೆಟ್ಟದ್ದು ನಮಗೆ ಗೊತ್ತು, ಇವನು ತಾನಾಗೇ ಮಾಯ ಆಗಿಲ್ಲ ಅಂತ ನಾಲ್ಕು ಜನ ನಿಂತು ಒಪ್ಪಿಕೊಳ್ಳೋ ಕೆಲಸ ಅದು. ಮನೆತನದವರು ಆಮೇಲೆ ಸಾಲ-ಸೋಲದ ಲೆಕ್ಕ ನೋಡ್ತಾರೆ. ಊರಿಗೆ ಊರೇ ಮೂವತ್ತು ನಲವತ್ತು ವರ್ಷ ಕೂತು ಅತ್ತು ನಕ್ಕ ಒಂದು ಜಾಗಕ್ಕೆ ಈ ಒಂದು ಹಿಡಿ ಮಣ್ಣೂ ಸಿಗಲಿಲ್ಲ. ನನ್ನ ತಕರಾರು ಅದು.

ನಮ್ಮ ಕೆಲಸದಲ್ಲಿ ಒಂದು ಹಳೇ ಸಾಫ್ಟ್‌ವೇರ್ ನಿಲ್ಲಿಸಬೇಕು ಅಂದ್ರೆ ಎಷ್ಟು ಕಟ್ಟಳೆ ನೋಡಿ. ಬಳಸುವವರಿಗೆ ತಿಂಗಳುಗಟ್ಟಲೆ ಮೊದಲೇ ತಿಳಿಸ್ತೀವಿ. ಡೇಟಾ ಬೇರೆ ಕಡೆ ಸಾಗಿಸ್ತೀವಿ. ಯಾವುದು ಯಾವುದಕ್ಕೆ ಜೋಡಿಸಿತ್ತು ಅಂತ ಬರೆದಿಡ್ತೀವಿ. ಅದನ್ನ ನೋಡಿಕೊಳ್ತಿದ್ದವರನ್ನ ಕೂರಿಸಿ "ನಿಮ್ಮ ತಲೆಯಲ್ಲಿ ಇರೋದನ್ನೆಲ್ಲ ಹೇಳಿ" ಅಂತ ರೆಕಾರ್ಡ್ ಮಾಡ್ಕೋತೀವಿ. ಹತ್ತು ವರ್ಷ ಯಾರೂ ಪ್ರೀತಿಯಿಂದ ನೋಡದ ಒಂದು ಬಿಲ್ಲಿಂಗ್ ಪ್ರೋಗ್ರಾಮಿಗೆ ಇಷ್ಟು ಮರ್ಯಾದೆ. ಟಾಕೀಜಿಗೆ ಸಿಕ್ಕಿದ್ದು "ನಾಳಿಂದ ಬರಬ್ಯಾಡ."

ಇದನ್ನ ಸರಿಪಡಿಸೋಕೆ ಕೋಟಿಗಳೇನೂ ಬೇಡ. ಆಪರೇಟರ್, ಗೇಟ್‌ಕೀಪರ್, ಬೋರ್ಡ್ ಬರೆಯೋ ಪೇಂಟರ್, ಎತ್ತಿನ ಗಾಡಿಯಲ್ಲಿ ಮೈಕು ಕಟ್ಟಿಕೊಂಡು ಊರೂರು ಸಾರಿದವನು, ಕಸ ಗುಡಿಸಿದವಳು, ಇವರಲ್ಲಿ ಎಷ್ಟೋ ಜನ ಇನ್ನೂ ಬದುಕಿದ್ದಾರೆ. ಒಂದು ಮಧ್ಯಾಹ್ನ, ಒಂದು ಚಾ, ಒಂದು ಫೋನು ಸಾಕು. ಅವರ ಹೆಸರು ಹಾಕಬಹುದಾ ಅಂತ ಕೇಳಿ, ಹೂಂ ಅಂದ್ರೆ ಹಾಕಿ. ಪಗಾರ ಎಷ್ಟಿತ್ತು, ಯಾವ ಸಿನಿಮಾಕ್ಕೆ ಗೋಡೆ ಬಿರಿಯೋ ಹಾಗೆ ಜನ ಬಂದ್ರು, ಯಾರನ್ನ ಒಳಗೆ ಬಿಡ್ತಿರಲಿಲ್ಲ, ಕೊನೆಯ ದಿನ ಬಾಕಿ ಕೊಟ್ರಾ ಅಂತ ಕೇಳಿ. ಟಿಕೆಟ್ ಪುಸ್ತಕ, ಲೈಸೆನ್ಸ್ ಫಲಕ, ಪೋಸ್ಟರ್ ಸಿಕ್ಕರೆ ಮಾಲೀಕರನ್ನ ಕೇಳಿ ಊರ ಲೈಬ್ರರಿಗೋ ಕಾಲೇಜಿಗೋ ಕೊಡಿಸಿ. ನಿಮ್ಮ ಫ್ಲಾಟಿನ ಗೋಡೆಗೆ ಅಲಂಕಾರ ಮಾಡ್ಕೋಬೇಡಿ. ಗೋಡೆ ಹಾರೋ ಬದಲು ಕೀಲಿ ಕೇಳಿ. ಕೀಲಿ ಕೇಳಿದ್ರೆ ಕಟ್ಟಡದ ಜೊತೆ ಒಬ್ಬ ಮನುಷ್ಯನೂ ಸಿಗ್ತಾನೆ.

ಇದು ಟಾಕೀಜಿಗಷ್ಟೇ ಅಲ್ಲ. ನಾವು ಕಟ್ಟೋ ಪ್ರತಿ ಆ್ಯಪಿನ ಇನ್ನೊಂದು ತುದಿಯಲ್ಲಿ ಏನೋ ಒಂದು ಮುಚ್ತಿರ್ತದೆ. ಎಸ್‌ಟಿಡಿ ಬೂತು ಮುಚ್ಚಿತು, ಸಿಡಿ ಅಂಗಡಿ ಮುಚ್ಚಿತು, ನಾಳೆ ನಮ್ಮದೇ ಕೆಲಸ ಮುಚ್ಚಬಹುದು. ಆಗ ನಮ್ಮ ಬಗ್ಗೆಯೂ ಯಾರೋ "ಕಾಲ ಬದಲಾಯ್ತು" ಅಂತಾರೆ. ಕಾಲ ತಾನಾಗಿ ಏನೂ ಮುಚ್ಚಲ್ಲ. ಎಲ್ಲೋ ಒಬ್ಬರು ಲೆಕ್ಕ ನೋಡಿ ಸಹಿ ಹಾಕಿರ್ತಾರೆ. ಆ ಸಹಿ ತಪ್ಪೇ ಆಗಿರಬೇಕು ಅಂತಿಲ್ಲ, ಎಷ್ಟೋ ಸಲ ಅದೇ ಸರಿ. ಸಹಿ ಇತ್ತು ಅನ್ನೋದನ್ನ ಮರೆಮಾಚಬಾರದು ಅಷ್ಟೇ.

ಹಾಗಾಗಿ ಮುಂದಿನ ಸಲ ಯಾರಾದ್ರೂ ಹಳೇ ಟಾಕೀಜು ತೋರಿಸಿ "ಪಾಳ ಬಿದ್ದೈತಿ" ಅಂದ್ರೆ, ಹೊಲ ಕಂಡಾಗ ನಮ್ಮ ಹಿರಿಯರು ಕೇಳ್ತಿದ್ದುದನ್ನೇ ಕೇಳಿ: ಯಾರು ಬಿಟ್ಟರು, ಯಾಕೆ ಬಿಟ್ಟರು, ಬಿಟ್ಟಮೇಲೆ ಅಲ್ಲಿ ದುಡೀತಿದ್ದವರು ಎಲ್ಲಿಗೆ ಹೋದರು?